ಬೆಂದ ಬೆರಳಿನ ರಕ್ತ

ಒಂದೂವರೆ ವರ್ಷ ನೀನು ಮಾಡಿದ್ದೇನು ಎಂದು ಯಾರಾದರೂ ಕೇಳಿದರೆ, ವಯಸ್ಸಾದ ಗಂಡಸರ ಬೆರಳು ಹಿಂಡಿದೆ ಅನ್ನುತ್ತೇನೆ. ಗೌರಿಬಿದನೂರಿನಲ್ಲಿ ಹಿಂಡಿದೆ, ಚಿಂತಾಮಣಿಯಲ್ಲಿ ಹಿಂಡಿದೆ, ಸ್ಕಂದಗಿರಿ ಬುಡದ ಹಳ್ಳಿಯೊಂದರಲ್ಲಿ ಬೆಟ್ಟ ಹತ್ತಲು ಬಂದವರ ಕಾರುಗಳ ನಡುವೆ ಟೇಬಲ್ ಹಾಕಿಕೊಂಡು ಹಿಂಡಿದೆ. ಈ ಮಾತು ಕೇಳಿದರೆ ಅಮ್ಮನಿಗೆ ಮೈ ಉರಿಯುತ್ತದೆ. "ಸಂಶೋಧನೆ ಮಾಡ್ತಿದ್ದೆ ಅನ್ನೇ. ಓದಿರೋಳು ಹಂಗಾ ಮಾತಾಡೋದು?" ಅನ್ನುತ್ತಾಳೆ. ಸಂಶೋಧನೆಯೇ, ಇಲ್ಲ ಅಂದವರು ಯಾರು? ಆದರೆ ಅದರಲ್ಲಿ ನನ್ನ ಪಾಲಿಗೆ ಬಂದದ್ದು ಬೆರಳು. ಅದನ್ನು ನನ್ನಷ್ಟು ಚೆನ್ನಾಗಿ ಹಿಂಡುವವರು ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂಬ ಜಂಬ ನನ್ನ ತಲೆಗೇರಿತ್ತು.

ನಾನು ಲ್ಯಾಬ್ ಟೆಕ್ನಿಷಿಯನ್. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಬ್ಬರು ಡಾಕ್ಟರು ಪ್ರಾಸ್ಟೇಟ್ ಗ್ರಂಥಿಯನ್ನೂ ಅದನ್ನು ಆಡಿಸುವ ಹಾರ್ಮೋನನ್ನೂ ಕುರಿತು ವರ್ಷಗಟ್ಟಲೆ ಕೆಲಸ ಮಾಡಿದ್ದರು. ಅವರು ಹೆಂಗಸು. ಗಂಡಸರ ಆ ಗ್ರಂಥಿಯ ಬಗ್ಗೆ ಗಂಡಸರಿಗಿಂತ ಹೆಚ್ಚು ತಿಳಿದ ಹೆಂಗಸನ್ನು ನಾನು ಕಂಡದ್ದು ಅದೇ ಮೊದಲು. ಮೇಡಂ ಎಂದರೆ ನನಗೆ ಇಂದಿಗೂ ಅವರೊಬ್ಬರೇ. ಅವರ ಕೈಗೆ ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಮೆಷಿನ್ ಬಂದಿತ್ತು. ಬೆರಳಿನಿಂದ ಒಂದೊಂದು ಹನಿ ರಕ್ತ ತೆಗೆದು ಎರಡು ಸಣ್ಣ ಪರೀಕ್ಷಾ ಪಟ್ಟಿಗಳ ಮೇಲೆ ಬಿಟ್ಟು ಒಳಗಿಟ್ಟರೆ ಕಾಲು ಗಂಟೆಯಲ್ಲಿ ಎರಡು ಸಂಖ್ಯೆ ತೋರಿಸುತ್ತದೆ. ಒಂದು ಗಂಡಸರ ಹಾರ್ಮೋನು ಮೈಯಲ್ಲಿ ಎಷ್ಟಿದೆ ಎಂದು. ಇನ್ನೊಂದು ಪಿಎಸ್‌ಎ, ಅಂದರೆ ಆ ಗ್ರಂಥಿಯಿಂದ ರಕ್ತಕ್ಕೆ ಸೋರುವ ಒಂದು ವಸ್ತು, ಎಷ್ಟಿದೆ ಎಂದು. ಅದು ಏರುತ್ತಿದ್ದರೆ ಗ್ರಂಥಿಯಲ್ಲಿ ಏನೋ ನಡೆಯುತ್ತಿದೆ ಎಂದರ್ಥ.

ಇಂಥ ಮೆಷಿನನ್ನು ನಮ್ಮಂಥ ತಾಲ್ಲೂಕುಗಳ ಆಸ್ಪತ್ರೆಯಲ್ಲಿಟ್ಟರೆ ನಂಬಬಹುದೇ? ಮೇಡಂ ತಿಳಿಯಬೇಕೆಂದಿದ್ದದ್ದು ಇಷ್ಟೇ. ಅದಕ್ಕಾಗಿ ಪ್ರತಿಯೊಬ್ಬರ ಬೆರಳಿನ ಹನಿಯನ್ನು ಮೆಷಿನ್ನಿಗೆ ಕೊಡುವುದು, ಅದೇ ಹೊತ್ತಿಗೆ ತೋಳಿನ ನರದಿಂದ ಒಂದು ಟ್ಯೂಬ್ ರಕ್ತ ತೆಗೆದು ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸುವುದು, ಎರಡೂ ಕಡೆಯ ಸಂಖ್ಯೆ ಕೂಡಿ ಬರುತ್ತದೆಯೇ ಎಂದು ನೋಡುವುದು.

ಗಂಡಸರನ್ನು ಕೂರಿಸಿ ಮಾತಾಡಿಸುವುದೇ ದೊಡ್ಡ ಪಾಡು. ರಕ್ತ ಕೊಡುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಇತ್ತು. ನಗರಗೆರೆಯಲ್ಲಿ ಒಬ್ಬ ಹಿರಿಯರು, ಒಳ್ಳೆ ಹೊಲ ಮನೆ ಇದ್ದವರು, ಮಡಿಸಿದ ಟವೆಲನ್ನು ತೊಡೆ ಮೇಲಿಟ್ಟುಕೊಂಡು ಗಂಭೀರವಾಗಿ ಕೂತಿದ್ದರು. ರಾತ್ರಿ ಎಷ್ಟು ಸಲ ಒಂದಕ್ಕೆ ಏಳ್ತೀರಿ ಎಂದು ಕೇಳಿದೆ. ಅವರ ಮುಖ ಕೆಂಪಾಯಿತು.

"ನಿಮ್ಮಪ್ಪನ ವಯಸ್ಸಿನೋನ್ನ ಕೇಳೋ ಮಾತೇನಮ್ಮ ಇದು?"

"ನಮ್ಮಪ್ಪನ್ನೂ ಕೇಳಿದೀನಿ ಯಜಮಾನ್ರೇ. ಐದು ಸಲ ಅಂದ."

ಅವರು ತೊಡೆ ಮೇಲಿನ ಟವೆಲನ್ನು ಸರಿಮಾಡಿಕೊಂಡರು. "ಐದಾ? ನಂದು ನಾಲ್ಕೇ ಕಣಮ್ಮ" ಅಂದರು. ದನಿಯಲ್ಲಿ ಗೆದ್ದ ಖುಷಿ ಇತ್ತು. ಅವರ ಹಿಂದೆ ನಿಂತಿದ್ದವರೆಲ್ಲ ತಮ್ಮ ತಮ್ಮ ಲೆಕ್ಕ ಹೇಳತೊಡಗಿದರು. ಆಮೇಲೆ ಎಲ್ಲಿ ಹೋದರೂ ನಾನು ಮೊದಲು ನಮ್ಮಪ್ಪನ ಐದನ್ನು ಎಸೆಯುತ್ತಿದ್ದೆ, ಅವರು ತಮ್ಮದನ್ನು ಎತ್ತಿಕೊಡುತ್ತಿದ್ದರು. ಅಪ್ಪನಿಗೆ ಇದು ತಿಳಿದಾಗ, "ನನ್ನ ಮಾನ ನಾಲ್ಕು ತಾಲ್ಲೂಕಲ್ಲೂ ಹಂಚ್ಬಿಟ್ಯಲ್ಲಮ್ಮ" ಎಂದು ನಕ್ಕ.

ಅಪ್ಪನ ವಿಷಯ ಹೇಳಬೇಕು. ಅಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುವವನು, ನಮ್ಮ ಕಡೆ ರೀಲರ್ ಅನ್ನುತ್ತಾರೆ. ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ ಇರುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಆ ನೀರಿಗೆ ಬೆರಳು ಹಾಕಿ ಎಳೆ ಹುಡುಕಬೇಕು, ಸುಟ್ಟರೆ ಪಕ್ಕದ ತಣ್ಣೀರಿನಲ್ಲಿ ಅದ್ದಬೇಕು, ಮತ್ತೆ ಬಿಸಿನೀರಿಗೆ ಹಾಕಬೇಕು. ಬೆಳಗಿನಿಂದ ಸಂಜೆಯವರೆಗೆ ಇದೇ. ಆ ದುಡಿಮೆಯಲ್ಲೇ ನನ್ನನ್ನು ಓದಿಸಿದ್ದ. ಎರಡು ವರ್ಷದ ಹಿಂದೆ ಅವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಮೂರು ತಿಂಗಳಿಗೊಮ್ಮೆ ಒಂದು ಇಂಜೆಕ್ಷನ್. ಅದು ಗಂಡಸರ ಹಾರ್ಮೋನನ್ನು ನಿಲ್ಲಿಸಿಬಿಡುತ್ತದೆ. ಮೇಡಂ ಅದನ್ನು ನಮ್ಮ ಕಡೆಯ ಜನರಿಗೆ ವಿವರಿಸುವಾಗ, ಕಳೆಗೆ ಹೋಗುವ ನೀರನ್ನು ಕಟ್ಟಿದ ಹಾಗೆ, ನೀರಿಲ್ಲದಿದ್ದರೆ ಕಳೆ ಏಳುವುದಿಲ್ಲ ಅನ್ನುತ್ತಿದ್ದರು. ಹಾರ್ಮೋನಿನ ಸಂಖ್ಯೆ ನೀರು, ಪಿಎಸ್‌ಎ ಸಂಖ್ಯೆ ಕಳೆಯ ಎತ್ತರ.

ಇಂಜೆಕ್ಷನ್ ಶುರುವಾದ ಮೇಲೆ ಅಪ್ಪನಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರು ಕಿತ್ತು ಬರುತ್ತಿತ್ತು. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕೂತು, ಹಳೆ ಕ್ಯಾಲೆಂಡರಿನ ರಟ್ಟಿನಲ್ಲಿ ಗಾಳಿ ಹಾಕಿಕೊಂಡು, "ಒಳಗೆ ಒಲೆ ಹಚ್ದಂಗೈತೆ" ಅನ್ನುತ್ತಿದ್ದ. ಅಮ್ಮನಿಗೆ ಅದು ಭಾರಿ ತಮಾಷೆ. "ನನಗೆ ಮುಟ್ಟು ನಿಲ್ಲೋವಾಗ ಮೂರು ವರ್ಷ ಹಿಂಗೇ ಆಯ್ತು. ಆವಾಗ ಏನಂದೆ ನೀನು? ಫ್ಯಾನ್ ಆರ್ಸು, ಚಳಿ ಅಂದೆ. ಈಗ ಅನುಭವಿಸು" ಅನ್ನುತ್ತಲೇ ಆ ರಟ್ಟನ್ನು ಕಿತ್ತುಕೊಂಡು ಅವನಿಗೆ ಗಾಳಿ ಬೀಸುತ್ತಿದ್ದಳು.

ಇಂಜೆಕ್ಷನ್ ಚಿಕ್ಕಬಳ್ಳಾಪುರದಲ್ಲೇ ಕೊಡುತ್ತಿದ್ದರು. ತೊಂದರೆ ಇದ್ದದ್ದು ರಕ್ತಪರೀಕ್ಷೆಯದು. ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ಆಸ್ಪತ್ರೆಯವರು ಬೆಂಗಳೂರಿನ ತಮ್ಮದೇ ಲ್ಯಾಬಿನ ಕಾಗದ ಬಿಟ್ಟು ಬೇರೆ ಯಾವುದನ್ನೂ ಒಪ್ಪುತ್ತಿರಲಿಲ್ಲ. ಹಾಗಾಗಿ ಮೂರು ತಿಂಗಳಿಗೊಮ್ಮೆ ಬಸ್ಸು. ದಾರಿಯಲ್ಲಿ ಮೂತ್ರಕ್ಕೆ ಅವಸರವಾದರೆ ಬಸ್ಸು ನಿಲ್ಲಿಸಿ ಅನ್ನಲು ಅವನಿಗೆ ನಾಚಿಕೆ. ಒಂದು ಸಲ ಬಸ್ಸಿನಲ್ಲೇ ಪಂಚೆ ಒದ್ದೆಯಾಗಿ, ಇಳಿಯುವವರೆಗೂ ಸೀಟು ಬಿಟ್ಟು ಏಳದೆ ಕೂತಿದ್ದನಂತೆ. ಇದನ್ನು ಅವನು ನನಗೆ ಹೇಳಲಿಲ್ಲ. ಅಮ್ಮನಿಂದ ತಿಳಿಯಿತು.

ಹಾಗಿರುವಾಗ ಆ ಮೆಷಿನ್ ಮೇಲೆ ನನಗೆ ಎಂಥ ಆಸೆ ಹುಟ್ಟಿರಬೇಕು ನೀವೇ ಹೇಳಿ. ಅದು ಪಾಸಾದರೆ ಶಿಡ್ಲಘಟ್ಟದಲ್ಲೇ ಒಂದು ಇಡುತ್ತಾರೆ, ಅದರ ಸಂಖ್ಯೆಯನ್ನು ಆಸ್ಪತ್ರೆಯವರು ಒಪ್ಪುವ ಹಾಗೆ ನಾನು ಮಾಡುತ್ತೇನೆ ಎಂದು ಮೇಡಂ ಹೇಳಿದ್ದರು. ಮಗಳು ಎಸ್ಸೆಸ್ಸೆಲ್ಸಿ ಬರೆಯುವಾಗ ತಾಯಿ ಒದ್ದಾಡುವ ಹಾಗೆ ನಾನು ಅದಕ್ಕಾಗಿ ಒದ್ದಾಡಿದೆ. ಜೀಪಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದೆ. ಪೆರೇಸಂದ್ರದ ಹತ್ತಿರ ಗುಂಡಿಯಲ್ಲಿ ಜೀಪು ಎಗರಿದಾಗ ನನ್ನ ತಲೆ ಜೀಪಿನ ಚಾವಣಿಗೆ ಬಡಿಯಿತು, ಮೆಷಿನ್ ಅಲುಗಲಿಲ್ಲ.

ಮೇಡಂ ಎರಡು ಕಟ್ಟಳೆ ಹಾಕಿದ್ದರು. ನಮ್ಮ ಮನೆಯವರ ಬೆರಳು ನಾವು ಚುಚ್ಚಕೂಡದು. ಪಟ್ಟಿಗಳು ಯಾರ ಮನೆಗೂ ಹೋಗಕೂಡದು. ಎರಡನ್ನೂ ಒಂದೇ ದಿನ ಮುರಿದೆ.

ಅಪ್ಪನ ಪರೀಕ್ಷೆಯ ದಿನ ಹತ್ತಿರ ಬಂದಿತ್ತು. ಹೋಗಬೇಕಲ್ಲ ಎಂದು ಅವನು ಹಿಂದಿನ ವಾರದಿಂದಲೇ ಸಪ್ಪಗಿದ್ದ. ಒಂದು ಸಂಜೆ ಕ್ಯಾಂಪ್ ಮುಗಿಸಿ ಮೆಷಿನ್ ಜೊತೆಗೇ ಮನೆಗೆ ಬಂದೆ. ಬೆಳಿಗ್ಗೆ ಶಿಡ್ಲಘಟ್ಟದಲ್ಲೇ ಮತ್ತೆ ಕ್ಯಾಂಪ್ ಇದ್ದದ್ದರಿಂದ ಮೆಷಿನ್ ನನ್ನ ಬಳಿ ಉಳಿಯಲು ಅನುಮತಿ ಇತ್ತು. ಪಟ್ಟಿಗೆ ಇರಲಿಲ್ಲ. ಅಪ್ಪ ಆಗಷ್ಟೇ ಕೆಲಸ ಬಿಟ್ಟು ಬಂದು ಜಗುಲಿ ಮೇಲೆ ಕೂತಿದ್ದ. "ಬೆರಳು ಕೊಡಪ್ಪ" ಅಂದೆ. ಕೊಟ್ಟ. ನೀರಲ್ಲಿ ನೆನೆದು ನೆನೆದು ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿ, ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ರಕ್ತ ಸುಲಭಕ್ಕೆ ಬರಲಿಲ್ಲ. ಆದರೆ ಆ ಬೆರಳುಗಳನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಅಂಗೈಯಿಂದ ಹಿಡಿದು, ಬೆರಳಿನ ಬುಡವನ್ನು ಒತ್ತಿ, ತುದಿಗೆ ತಳ್ಳುತ್ತಾ ತಳ್ಳುತ್ತಾ ಹಿಂಡಿದರೆ ಬಂದೇ ಬರುತ್ತದೆ. ಶಿಡ್ಲಘಟ್ಟದ ಕ್ಯಾಂಪಿನಲ್ಲಿ ಎಲ್ಲರಿಗೂ ಹಾಗೆಯೇ ಮಾಡುತ್ತಿದ್ದೆ. ಬೇರೆ ಯಾರಾದರೂ ಆಗಿದ್ದರೆ ಈ ಬೆರಳಲ್ಲಿ ರಕ್ತ ಬರಲ್ಲ ಎಂದು ಕೈಬಿಡುತ್ತಿದ್ದರು. ನಾನು ರೀಲರ್ ಮಗಳು, ಬಿಡುವವಳಲ್ಲ.

ಅಮ್ಮನೂ ಬಂದಳು, ಕಾಲು ಗಂಟೆ ಮೂವರೂ ಮೆಷಿನ್ ನೋಡುತ್ತಾ ಕೂತೆವು. ಪಿಎಸ್‌ಎ ಒಂದೂವರೆ. ಹಿಂದಿನ ಸಲ ಬೆಂಗಳೂರಿನಲ್ಲೂ ಒಂದೂವರೆಯ ಹತ್ತಿರವೇ ಇತ್ತು.

"ಏನೂ ಏರಿಲ್ಲ ಕಣಪ್ಪ. ಹಾಗೇ ಇದೆ."

"ಹಂಗಾದ್ರೆ ಈ ಸಲ ಬೆಂಗ್ಳೂರು ಬೇಡ್ವಾ?"

ಆ ಮುಖ ನೋಡಿದ್ದರೆ ನೀವೂ ಅದನ್ನೇ ಹೇಳುತ್ತಿದ್ದಿರಿ. "ಬೇಡ ಬಿಡು, ಮುಂದಿನ ಸಲ ಹೋದ್ರಾಯ್ತು" ಅಂದುಬಿಟ್ಟೆ. ಅವತ್ತು ಅಪ್ಪ ಎರಡು ಮುದ್ದೆ ಉಂಡ.

ಎರಡು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಚಿಕ್ಕಬಳ್ಳಾಪುರದಲ್ಲಿ ನಮಗೆ ಕೊಟ್ಟಿದ್ದ ಕೋಣೆಯಲ್ಲಿ ಮೇಡಂ ಲ್ಯಾಪ್‌ಟಾಪ್ ತಿರುಗಿಸಿ ನನಗೆ ಒಂದು ಚಿತ್ರ ತೋರಿಸಿದರು. ಓರೆಯಾದ ಒಂದು ಗೆರೆ, ಅದರ ಸುತ್ತ ಚುಕ್ಕಿಗಳು. ಒಂದು ಚುಕ್ಕಿ ಅಂದರೆ ಒಬ್ಬ ಮನುಷ್ಯ. ಮೆಷಿನ್ ಹೇಳಿದ್ದೂ ಲ್ಯಾಬ್ ಹೇಳಿದ್ದೂ ಒಂದೇ ಆದರೆ ಚುಕ್ಕಿ ಗೆರೆಯ ಮೇಲೆ ಕೂರುತ್ತದೆ. ಗೌರಿಬಿದನೂರಿನವರು ಗೆರೆಯ ಮೇಲೆ ಕೂತಿದ್ದರು. ಚಿಂತಾಮಣಿಯವರು, ಚಿಕ್ಕಬಳ್ಳಾಪುರದವರು ಕೂತಿದ್ದರು. ಶಿಡ್ಲಘಟ್ಟದವರಲ್ಲಿ ಬಹಳ ಜನ ಗೆರೆ ಬಿಟ್ಟು ಕೆಳಗೆ ಜೋತಾಡುತ್ತಿದ್ದರು.

"ಮೆಷಿನ್ ಕಮ್ಮಿ ತೋರಿಸ್ತಿದೆ. ಹೀಗಾದ್ರೆ ಪಾಸ್ ಮಾಡೋಕಾಗಲ್ಲ" ಅಂದರು ಮೇಡಂ.

ನನಗೆ ರೇಗಿಹೋಯಿತು. ಮೆಷಿನ್ನಿಗೆ ಬೈದರೆ ನನಗೇ ಬೈದ ಹಾಗಾಗುತ್ತಿತ್ತು. ಲ್ಯಾಬಿನವರದೇ ತಪ್ಪಿರಬಹುದು ಅಂದೆ. ಐಸ್ ಡಬ್ಬಿ ನೋಡಿದೆವು, ಪಟ್ಟಿಗಳ ತಯಾರಿ ತಾರೀಕು ನೋಡಿದೆವು, ಆ ದಿನಗಳ ಬಿಸಿಲು, ಬ್ಯಾಟರಿ, ಎಲ್ಲ ನೋಡಿದೆವು. ಎಲ್ಲವೂ ಸರಿ. ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಒಂದೂವರೆ ವರ್ಷದ ಶ್ರಮ ಒಂದು ಊರಿಗೆ ಬಂದು ಮುಗ್ಗರಿಸಿತ್ತು, ಅದೂ ನನ್ನ ಊರಿಗೆ.

ನಾನು ಸೋಲದೆ ಶಿಡ್ಲಘಟ್ಟದ ಚುಕ್ಕಿಗಳನ್ನು ಒಂದೊಂದಾಗಿ ತೆಗೆದು ಅದು ಯಾರು ಎಂದು ನೋಡುತ್ತಾ ಹೋದೆ. ಹಾಲು ಡೇರಿಯವರು ಗೆರೆಯ ಮೇಲೆ. ಮೇಷ್ಟ್ರು ಗೆರೆಯ ಮೇಲೆ. ಕೆಳಗೆ ಜೋತಾಡುತ್ತಿದ್ದವರೆಲ್ಲ ನೂಲು ಬಿಚ್ಚುವವರು. ಅವರ ನಡುವೆ ಒಬ್ಬರೇ ಒಬ್ಬರು ರೀಲರ್ ಗೆರೆಯ ಮೇಲೆ ನೆಟ್ಟಗೆ ಕೂತಿದ್ದರು. ಅಪ್ಪನ ಜೊತೆ ಹಿಂದೆ ಕೆಲಸ ಮಾಡಿದ್ದ ಒಬ್ಬ ಚಾಚಾ ಅವರು. ಇವರೊಬ್ಬರೇ ಯಾಕೆ ಎಂದು ತಲೆ ಕೆರೆದುಕೊಂಡೆ. ಥಟ್ಟನೆ ಅವರ ಕೈ ಕಣ್ಣ ಮುಂದೆ ಬಂತು. ಬಲಗೈಗೆ ಬಿಸಿನೀರು ಬಿದ್ದು, ಬ್ಯಾಂಡೇಜ್ ಕಟ್ಟಿಕೊಂಡು, ಮೂರು ವಾರದಿಂದ ಕೆಲಸಕ್ಕೆ ಹೋಗಿರಲಿಲ್ಲ. ಎಡಗೈ ಬೆರಳು ಕೊಟ್ಟಿದ್ದರು. ಒಣಗಿದ ಬೆರಳು. ಚುಚ್ಚಿದ ತಕ್ಷಣ ರಕ್ತ ತಾನಾಗಿ ಬಂದು ಹುರುಳಿಕಾಳಿನ ಹಾಗೆ ದುಂಡಗೆ ನಿಂತಿತ್ತು. "ಇಷ್ಟು ಬೇಗ ಆಯ್ತೇನಮ್ಮ?" ಎಂದು ಅವರೇ ಕೇಳಿದ್ದರು. ಹಿಂಡುವ ಅವಕಾಶವೇ ಸಿಗಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಬೇಜಾರೂ ಆಗಿತ್ತು. ಬೇರೆ ರೀಲರುಗಳ ಹನಿ ಹಾಗಿರುತ್ತಿರಲಿಲ್ಲ. ತಿಳಿಯಾಗಿ ಬೆರಳ ಮೇಲೆ ಹರಡಿಕೊಳ್ಳುತ್ತಿತ್ತು.

ಕುರ್ಚಿ ಬೀಳುವ ಹಾಗೆ ಎದ್ದೆ. "ಮೇಡಂ, ನಾನು ರಕ್ತ ಹಿಂಡ್ತಿಲ್ಲ, ನೀರು ಹಿಂಡ್ತಿದೀನಿ."

ಅವರಿಗೆ ಅರೆಕ್ಷಣ ಅರ್ಥವಾಗಲಿಲ್ಲ. ನಾನು ಅವರ ಕೈಯನ್ನೇ ಹಿಡಿದುಕೊಂಡು ತೋರಿಸಿದೆ. ಇಡೀ ದಿನ ನೆನೆದು ಬೆಂದ ಬೆರಳು. ಅದನ್ನು ಬುಡದಿಂದ ಹೀಗೆ ಹಿಂಡಿದರೆ ರಕ್ತದ ಜೊತೆ ಮಾಂಸದ ಸಂದಿನ ನೀರೂ ಬರುತ್ತದೆ. ಚರ್ಮದೊಳಗೆ ಹೀರಿಕೊಂಡ ನೀರೂ ಸೇರುತ್ತದೆ. ಹಾಲಿಗೆ ನೀರು ಬೆರೆಸಿದರೆ ಕೆನೆ ಎಲ್ಲಿಂದ ಬರಬೇಕು? ಮೇಡಂ ನನ್ನ ಮುಖವನ್ನೇ ನೋಡಿದರು. "ಹಾಗಿದ್ರೆ ನರದಿಂದ ತೆಗೆದ ಟ್ಯೂಬಿಂದಲೇ ಒಂದು ಹನಿ ಇದೇ ಪಟ್ಟಿ ಮೇಲೆ ಬಿಟ್ರೆ?" ಅಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಹುಚ್ಚು ಹಿಡಿದವರ ಹಾಗೆ ನಕ್ಕೆವು.

ಆ ವಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನೂಲು ಸುತ್ತುವ ಚರಕಗಳ ಸದ್ದಿನ ನಡುವೆ, ಬೆಂದ ಹುಳುವಿನ ವಾಸನೆಯ ನಡುವೆ, ನೂಲು ಬಿಚ್ಚುವ ಜಾಗದ ಬಾಗಿಲಲ್ಲೇ ಟೇಬಲ್ ಹಾಕಿದೆವು. ನೀರಿನಿಂದ ಕೈ ತೆಗೆದವರನ್ನು ಹಾಗೆಯೇ ಕೂರಿಸಿ, ಬೆರಳಿನ ಹನಿ ಒಂದು ಪಟ್ಟಿಗೆ, ತೋಳಿನ ಹನಿ ಇನ್ನೊಂದು ಪಟ್ಟಿಗೆ. "ಏಂದಮ್ಮಾ, ರೆಂಡು ಸಾರ್ಲಾ?" ಎರಡೆರಡು ಸಲವಾ ಎಂದು ಒಬ್ಬರು ತೆಲುಗಿನಲ್ಲಿ ಗೊಣಗಿದರೆ, ಇನ್ನೊಬ್ಬರು "ಕೊಡಯ್ಯ, ನಮ್ಮ ಬೆರಳಿನ ಮೇಲೆ ಸಂಶೋಧನೆ ಅಂತೆ" ಎಂದು ತೋಳೇರಿಸಿ ಬಂದರು. ಬೆರಳಿನ ಸಂಖ್ಯೆ ಕೆಳಗೆ, ತೋಳಿನ ಸಂಖ್ಯೆ ಮೇಲೆ. ಬೆಂಗಳೂರಿನಿಂದ ಕಾಗದ ಬಂದಾಗ ತೋಳಿನ ಹನಿ ಹೇಳಿದ್ದೇ ನಿಜ. ಒಬ್ಬರದೂ ತಪ್ಪಲಿಲ್ಲ. ಮೆಷಿನ್ ಸುಳ್ಳು ಹೇಳಿರಲಿಲ್ಲ, ನಾನು ಅದಕ್ಕೆ ನೀರು ಕುಡಿಸಿದ್ದೆ. ಇನ್ನು ಮುಂದೆ ರೀಲರುಗಳಿಗೆ ತೋಳಿನಿಂದಲೇ ತೆಗೆಯಿರಿ ಎಂದು ಒಂದು ಸಾಲು ಬರೆದರೆ ಮುಗಿಯಿತು. ಹೊರಗೆ ಬೇರೆ ಊರುಗಳಲ್ಲಿ, ದಿನವಿಡೀ ನೀರಿನಲ್ಲಿ ಕೈಯಿಟ್ಟು ದುಡಿಯುವವರು ಎಷ್ಟೋ ಜನರಿದ್ದಾರೆ. ಅವರ ಬೆರಳನ್ನು ಯಾರಾದರೂ ನೋಡಿದ್ದಾರೆಯೇ ಎಂದು ಮೇಡಂ ಅವತ್ತೇ ಹುಡುಕಲು ಕೂತರು. ನನಗಂತೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಈ ಖುಷಿಯನ್ನು ಮೊದಲು ಹೇಳಬೇಕಾದವನು ಅಪ್ಪ ತಾನೇ. ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬೆರಳು, ನೀರು, ಚಾಚಾ, ಹುರುಳಿಕಾಳು, ಎಲ್ಲ. "ನಿಮ್ಮಂಥೋರ ಬೆರಳಲ್ಲಿ ತೆಗೆದ್ರೆ ಕಮ್ಮಿ ತೋರಿಸತ್ತೆ ಅಂತ ಕಂಡುಹಿಡಿದಿದ್ದು ನಾನೇ ಕಣಪ್ಪ, ನಿನ್ನ ಮಗಳು" ಅಂದೆ.

"ಶಭಾಷ್ ಕಣಮ್ಮ" ಅಂದ ಅಪ್ಪ. ಚರಕಗಳ ಸದ್ದು ಕೇಳುತ್ತಿತ್ತು. "ಹಂಗಾದ್ರೆ ನಂದೂ ಕಮ್ಮಿ ತೋರ್ಸಿತ್ತೇನಮ್ಮ?"

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅವನು ಕೇಳುವವರೆಗೂ ಅದು ನನಗೆ ಹೊಳೆದಿರಲಿಲ್ಲ. ಒಂದು ವಾರ ಊರಿನವರ ಬೆರಳನ್ನೆಲ್ಲ ಅನುಮಾನಿಸಿದವಳು ಮನೆಯ ಬೆರಳನ್ನು ಮರೆತಿದ್ದೆ. ಆಮೇಲೆ ಫೋನ್ ಮಾಡ್ತೀನಪ್ಪ ಎಂದೇನೋ ಹೇಳಿ ಫೋನ್ ಇಟ್ಟೆ.

ಅವತ್ತೇ ಮೇಡಂ ಎದುರು ನಿಂತು ಎಲ್ಲ ಒಪ್ಪಿಕೊಂಡೆ. ಪಟ್ಟಿ ಮನೆಗೆ ಒಯ್ದದ್ದು, ಅಪ್ಪನ ಬೆರಳು ಚುಚ್ಚಿದ್ದು, ಬೆಂಗಳೂರಿಗೆ ಹೋಗುವುದು ಬೇಡ ಎಂದದ್ದು. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಲ್ಯಾಪ್‌ಟಾಪ್ ಮುಚ್ಚಿದರು.

"ಪಾಸೂ ಆಗದ ಮೆಷಿನ್ ನಂಬಿಕೊಂಡು ಪೇಶೆಂಟ್‌ಗೆ ಬರಬೇಡಿ ಅಂದ್ರಲ್ಲ. ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮೇಡಂ."

"ನಿಮ್ಮ ಬಗ್ಗೆ ಏನು ಬರೀಬೇಕೋ ನಾನು ಬರೀತೀನಿ. ಅದು ಆಮೇಲೆ. ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರ್ತೀನಿ. ಅಪ್ಪನಿಗೆ ಮನೇಲೇ ಇರೋಕೆ ಹೇಳಿ."

ಮೇಡಂ ಬಂದರು. ಅಮ್ಮ ಕಾಫಿ ಕೊಟ್ಟಳು. ಬೆರಳನ್ನು ಯಾರೂ ಮುಟ್ಟಲಿಲ್ಲ. ತೋಳಿನಿಂದ ತೆಗೆದದ್ದು ಮೇಡಂ ಅವರೇ. ಒಂದು ಟ್ಯೂಬ್ ಬೆಂಗಳೂರಿಗೆ, ಒಂದೊಂದು ಹನಿ ಪಟ್ಟಿಗಳಿಗೆ. ಕಾಲು ಗಂಟೆಯ ನಂತರ ಹಾರ್ಮೋನಿನ ಸಂಖ್ಯೆ ತಳದಲ್ಲಿತ್ತು, ಇಂಜೆಕ್ಷನ್ ತನ್ನ ಕೆಲಸ ಮಾಡುತ್ತಿತ್ತು. ಪಿಎಸ್‌ಎ ಆರು. ನೀರು ಕಟ್ಟಿದ್ದರೂ ಕಳೆ ಎದ್ದಿತ್ತು.

"ಇದು ಇನ್ನೂ ಪರೀಕ್ಷೆಯಲ್ಲಿರೋ ಮೆಷಿನ್" ಎಂದು ಮೇಡಂ ಅಪ್ಪನಿಗೆ ನಿಧಾನವಾಗಿ ಹೇಳಿದರು. "ನಾಳೆ ಲ್ಯಾಬಿಂದ ಬರ್ಲಿ. ಅಲ್ಲೀವರೆಗೂ ಇದನ್ನ ಲೆಕ್ಕಕ್ಕೆ ಇಟ್ಕೋಬೇಡಿ."

ಆ ಒಂದು ದಿನ ನಾನು ಏನನ್ನು ಬಯಸಿದೆ ಎಂದು ನನಗೇ ಗೊತ್ತಿಲ್ಲ. ಲ್ಯಾಬ್ ಆರು ಅಂದರೆ ಮೆಷಿನ್ ಗೆದ್ದ ಹಾಗೆ, ಅಪ್ಪನ ಕಾಯಿಲೆ ಎದ್ದ ಹಾಗೆ. ಬೇರೆ ಏನಾದರೂ ಅಂದರೆ ಅಪ್ಪ ಉಳಿದ ಹಾಗೆ, ನಮ್ಮ ಒಂದೂವರೆ ವರ್ಷ ಕಸದ ಬುಟ್ಟಿಗೆ. ಮೆಷಿನ್ ಹಾಳಾಗಿ ಹೋಗಲಿ ಎಂದು ನೂರು ಸಲ ಅಂದುಕೊಂಡೆ. ಮರುದಿನ ಮಧ್ಯಾಹ್ನ ಫೋನಿನಲ್ಲಿ ಸಂಖ್ಯೆ ಬಂತು. ಆರು. ಸುಳ್ಳು ಹೇಳಿ ಪ್ರಯೋಜನವಿಲ್ಲ, ನನ್ನ ಮೈಯಲ್ಲಿ ಮೊದಲು ಎದ್ದದ್ದು ಖುಷಿ. ಟೇಬಲ್ ಗುದ್ದಿದೆ. ಗುದ್ದಿದ ಕೈಯನ್ನು ನೋಡಿಕೊಂಡು ಹಾಗೆಯೇ ಕೂತುಬಿಟ್ಟೆ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಓದುವವರು ಉಸಿರು ಬಿಗಿಹಿಡಿದು ಕೂರುವುದು ಬೇಡ. ಆ ಇಂಜೆಕ್ಷನ್ ಜೊತೆಗೆ ಕೊಡುವ ಮಾತ್ರೆ ಇತ್ತು. ಶುರು ಮಾಡಿದರು. ಸಂಖ್ಯೆ ಇಳಿಯಿತು, ಸದ್ಯಕ್ಕೆ ಇಳಿದೇ ಇದೆ. ಮೇಡಂ ನನ್ನ ಬಗ್ಗೆ ಒಂದು ಪುಟ ಬರೆದು ನನ್ನಿಂದಲೇ ಸಹಿ ಹಾಕಿಸಿಕೊಂಡರು, ಕೆಲಸದಿಂದ ತೆಗೆಯಲಿಲ್ಲ. ಆದರೆ ಆ ಮಧ್ಯಾಹ್ನ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ.

ನಾನು ನೇರವಾಗಿ ಅಪ್ಪ ಕೆಲಸ ಮಾಡುವ ಕಡೆ ಹೋದೆ. ಬೆನ್ನು ಬಾಗಿಸಿ ಗೂಡುಗಳನ್ನು ತಿರುವುತ್ತಿದ್ದ. ನನ್ನನ್ನು ಕಂಡು ತಲೆ ಎತ್ತಿದ.

"ಮೆಷಿನ್ ಪಾಸಾಯ್ತಾ?"

"ಆಯ್ತಪ್ಪ."

ಅವನ ಮುಖ ಅರಳಿತು. ಪಕ್ಕದಲ್ಲಿ ಕೂತಿದ್ದವನ ಕಡೆ ತಿರುಗಿ, ಚರಕದ ಸದ್ದಿಗೆ ಕೇಳಿಸುವ ಹಾಗೆ, "ನಮ್ ಹುಡ್ಗಿ ಮೆಷಿನ್ ಪಾಸಾಯ್ತಂತೆ ಕಣೋ" ಅಂದ. ಆಮೇಲೆ ತಿರುಗಿ ನನ್ನ ಮುಖ ನೋಡಿದ. ನೀರಿನಿಂದ ಕೈ ತೆಗೆದು ಹೆಗಲ ಮೇಲಿನ ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ಹಂಗಾದ್ರೆ ಆರು ಅಂದಿದ್ದು ನಿಜ ಅನ್ನು."

"ನಿಜ ಕಣಪ್ಪ. ಮಾತ್ರೆ ಇದೆಯಂತೆ. ನಾಳೆನೇ ಬೆಂಗಳೂರಿಗೆ ಹೋಗಣ, ಮೇಡಂ ಜೀಪಲ್ಲೇ ಕರ್ಕೊಂಡ್ ಹೋಗ್ತಾರೆ." ಅಷ್ಟು ಹೇಳಿ ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. "ಎರಡು ತಿಂಗಳು ಹಾಳಾಯ್ತಪ್ಪ. ಬೇಡ ಬಿಡು ಅಂದೋಳು ನಾನು. ನಿನ್ನ ಎರಡು ತಿಂಗಳು ನಾನೇ ತಿಂದೆ."

ಅಪ್ಪ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡ.

"ಎಲ್ಲಿ ತಿಂದೆ? ಕಾಯ್ಲೆ ಬಂದ್ಮೇಲೆ ನಾನು ಹೆದರ್ಕೆ ಇಲ್ದೆ ಇದ್ದಿದ್ದು ಆ ಎರಡು ತಿಂಗಳೇ ಕಣಮ್ಮ" ಅಂದ. ಅಂದವನು ಮತ್ತೆ ನೀರಿಗೆ ಕೈ ಹಾಕಿ ಎಳೆ ಹುಡುಕತೊಡಗಿದ.